ಮಗುವಿನ ಮೊದಲ ಏರ್ ರೈಫಲ್: ಗುರಿಗಿಂತ ಮೊದಲು ಕಲಿಸಬೇಕಾದದ್ದು

ನಮ್ಮಲ್ಲಿ ಬಹಳಷ್ಟು ಮಕ್ಕಳು ಮೊಟ್ಟಮೊದಲು ಬಂದೂಕು ಹಿಡಿಯುವುದು ಜಾತ್ರೆಯಲ್ಲಿ. ಬಲೂನು ಹೊಡೆಯುವ ಅಂಗಡಿಯವರು ನಳಿಗೆ ಮಡಚಿ, ಗುಂಡು ತುಂಬಿ ಕೈಗೆ ಕೊಡುತ್ತಾರೆ. ಅಪ್ಪ ಹಿಂದೆ ನಿಂತು ಹೆಗಲು ಹಿಡಿದು ‘ಒಂದು ಕಣ್ಣು ಮುಚ್ಚು’ ಅನ್ನುತ್ತಾರೆ. ಬಲೂನು ಒಡೆದರೆ ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಬೆರಳು ಎಲ್ಲಿರಬೇಕು, ಗುಂಡು ಹಾರಿದ ಮೇಲೆ ನಳಿಗೆಯ ಬಾಯಿ ಯಾವ ಕಡೆಗಿರಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹೊಡೆದ ಖುಷಿಯಲ್ಲಿ ಮಗು ಬಂದೂಕಿನ ಸಮೇತ ಅಮ್ಮನ ಕಡೆಗೇ ತಿರುಗುತ್ತದೆ.

ಇಂದು ಅದೇ ಮಕ್ಕಳಲ್ಲಿ ಹಲವರು ಶೂಟಿಂಗ್ ಅನ್ನು ಆಟವಾಗಿ ಕಲಿಯಬೇಕೆಂದು ಹಟ ಹಿಡಿಯುತ್ತಿದ್ದಾರೆ. ಹಾಗೆ ಆಸೆಪಡಲು ಕಾರಣವೂ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ವರೆಗೆ ಹೋದರು. ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು. ತಿಲೋತ್ತಮಾ ಸೇನ್ 2023ರಲ್ಲಿ ಕೈರೊ ವಿಶ್ವಕಪ್‌ನಲ್ಲಿ ಕಂಚು ಗೆದ್ದಾಗ ಆಕೆಗೆ 14 ವರ್ಷ.

ಮಗು ಆಸೆಪಟ್ಟ ಕೂಡಲೇ ಹೆತ್ತವರು ಕೇಳುವ ಮೊದಲ ಪ್ರಶ್ನೆ, ‘ಯಾವ ಗನ್ ಕೊಡಿಸೋಣ?’ ನಿಜಕ್ಕೂ ಅದು ಕೊನೆಯಲ್ಲಿ ಬರಬೇಕಾದ ಪ್ರಶ್ನೆ. ಮೊದಲು ಅಭ್ಯಾಸ, ಆಮೇಲೆ ಬೀಗ, ಅದಾದ ಮೇಲೆ ಬಂದೂಕು. ಈ ಸರದಿ ತಪ್ಪದಿದ್ದರೆ ಶೂಟಿಂಗ್ ಮಕ್ಕಳಿಗೆ ಬಹಳ ಸುರಕ್ಷಿತವಾದ ಆಟ. ತಪ್ಪಿದರೆ ಎಷ್ಟು ದುಬಾರಿ ಬಂದೂಕು ತಂದರೂ ಅದು ಮನೆಯೊಳಗೆ ಇಟ್ಟುಕೊಂಡ ಅಪಾಯವೇ.

ಗಾಳಿಯ ಬಂದೂಕು ಆಟಿಕೆಯಲ್ಲ

ಏರ್ ಗನ್‌ನಲ್ಲಿ ಮದ್ದು ಇರುವುದಿಲ್ಲ. ಒತ್ತಿ ಹಿಡಿದ ಗಾಳಿ ಒಮ್ಮೆಗೇ ಬಿಡುಗಡೆಯಾಗಿ ಪೆಲೆಟ್ ಎಂಬ ಪುಟ್ಟ ಸೀಸದ ಗುಂಡನ್ನು ತಳ್ಳುತ್ತದೆ. ಗಾಳಿಯನ್ನು ಒತ್ತುವ ಬಗೆ ಮುಖ್ಯವಾಗಿ ಎರಡು.

ಒಂದು, ಸ್ಪ್ರಿಂಗ್ ಗನ್. ನಳಿಗೆಯನ್ನೋ ಪಕ್ಕದ ಸನ್ನೆಯನ್ನೋ ಎಳೆದಾಗ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಟ್ರಿಗರ್ ಎಳೆದರೆ ಅದು ಪಿಸ್ಟನ್ನನ್ನು ಮುಂದಕ್ಕೆ ನೂಕಿ ಗಾಳಿಯನ್ನು ಒತ್ತುತ್ತದೆ. ಜಾತ್ರೆಯ ಬಂದೂಕು ಈ ಜಾತಿಯದು. ಬೆಲೆ ಕಡಿಮೆ. ಆದರೆ ಪ್ರತಿ ಗುಂಡಿಗೂ ಸ್ಪ್ರಿಂಗ್ ಎಳೆಯಲು ಸಾಕಷ್ಟು ತೋಳ್ಬಲ ಬೇಕು, ಹೊಡೆದಾಗ ಇಡೀ ಬಂದೂಕು ಅದುರುತ್ತದೆ. ಮಡಚಿದ ನಳಿಗೆ ಕೈಜಾರಿ ರಪ್ಪನೆ ಹಿಂದಕ್ಕೆ ಬಂದರೆ ಬೆರಳು ಜಜ್ಜಿಹೋಗುತ್ತದೆ. ಹಾಗಾಗಿ ಗುಂಡು ತುಂಬುವಾಗ ಒಂದು ಕೈ ನಳಿಗೆಯನ್ನು ಬಿಡದೆ ಹಿಡಿದಿರಲೇಬೇಕು. ಹತ್ತು ವರ್ಷದ ಮಗುವಿನ ಕೈಗೆ ಇದು ಕಷ್ಟ.

ಇನ್ನೊಂದು, ಪಿಸಿಪಿ. ಇದರಲ್ಲಿ ಗಾಳಿಯನ್ನು ಮೊದಲೇ ತುಂಬಿಟ್ಟ ಸಿಲಿಂಡರ್ ನಳಿಗೆಯ ಕೆಳಗೆ ಕೂತಿರುತ್ತದೆ. ಸಾಮಾನ್ಯವಾಗಿ 200 ಬಾರ್ ಒತ್ತಡ. ಪ್ರತಿ ಗುಂಡಿಗೂ ಬೇಕಾದಷ್ಟೇ ಗಾಳಿ ಹೊರಬರುತ್ತದೆ, ಅದುರುವಿಕೆ ಇಲ್ಲವೇ ಇಲ್ಲ ಎನ್ನಬಹುದು. ಇಂದಿನ ಸ್ಪರ್ಧೆಗಳಲ್ಲಿ ಕಾಣುವುದು ಹೆಚ್ಚುಕಡಿಮೆ ಇದೊಂದೇ.

ಸ್ಪರ್ಧೆಯ ಏರ್ ರೈಫಲ್‌ನಿಂದ ಹೊರಡುವ 4.5 ಮಿ.ಮೀ. ಪೆಲೆಟ್ಟಿನ ವೇಗ ಸೆಕೆಂಡಿಗೆ ಸುಮಾರು 170 ಮೀಟರ್, ಅಂದರೆ ಗಂಟೆಗೆ 600 ಕಿಲೋಮೀಟರಿಗೂ ಹೆಚ್ಚು. ಕಣ್ಣಿಗೆ ಬಿದ್ದರೆ ಕಣ್ಣು ಉಳಿಯುವುದು ಕಷ್ಟ. ಹತ್ತಿರದಿಂದ ತಗುಲಿದರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಏರ್ ಗನ್ ಗುಂಡಿನಿಂದ ಜೀವ ಹೋದ ಉದಾಹರಣೆಗಳೂ ಇವೆ. ಮಾರುಕಟ್ಟೆಯಲ್ಲಿ ಸಿಗುವ ಕೆಲವು ಸ್ಪ್ರಿಂಗ್ ಗನ್‌ಗಳು ಸ್ಪರ್ಧೆಯ ರೈಫಲ್‌ಗಿಂತಲೂ ಬಲವಾದವು. ‘ಬರೀ ಗಾಳಿ ಗನ್ ತಾನೆ’ ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲಿ ಬಂದರೂ ಅಲ್ಲೇ ತಡೆಯಿರಿ.

ಕಾನೂನು ಹೇಳುವುದೇನು

ನಮ್ಮ ದೇಶದಲ್ಲಿ ಮದ್ದುಗುಂಡಿನ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು, ಲೈಸೆನ್ಸ್‌ಗೆ 21 ವರ್ಷ ತುಂಬಿರಬೇಕು. ತರಬೇತಿ ಪಡೆಯುವ ಕಿರಿಯ ಕ್ರೀಡಾಪಟುಗಳಿಗೆ ಪ್ರತ್ಯೇಕ ನಿಯಮಗಳಿವೆ. ಏರ್ ಗನ್ ವಿಷಯದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳು ಎರಡು ಗೆರೆ ಎಳೆದಿವೆ: ನಳಿಗೆಯ ಅಳತೆ 0.177 ಇಂಚು, ಎಂದರೆ 4.5 ಮಿ.ಮೀ. ಮೀರಬಾರದು, ಗುಂಡು ಹೊರಡುವ ಶಕ್ತಿ 20 ಜೂಲ್ ಮೀರಬಾರದು. ಇವೆರಡರೊಳಗೆ ಇರುವ ಏರ್ ಗನ್‌ಗೆ ಲೈಸೆನ್ಸ್ ಬೇಡ. ಒಂದನ್ನು ಮೀರಿದರೂ ಬೇಕು. ಹೆಚ್ಚು ಬಲದ್ದು ಎಂದು ಅಂಗಡಿಯಲ್ಲೋ ಆನ್‌ಲೈನಿನಲ್ಲೋ 0.22 ಇಂಚಿನ ಏರ್ ಗನ್ ತೋರಿಸಿದರೆ ಬೇಡ ಎನ್ನಿ. 10 ಮೀಟರ್ ಸ್ಪರ್ಧೆಗೆ ಬೇಕಿರುವುದು 4.5 ಮಿ.ಮೀ. ಮಾತ್ರ.

ಖರೀದಿ ಹೆತ್ತವರ ಹೆಸರಿನಲ್ಲಿ, ಗುರುತಿನ ದಾಖಲೆ ಕೊಟ್ಟು, ಅಧಿಕೃತ ಅಂಗಡಿಯಲ್ಲೇ ಆಗಲಿ. ಬಿಲ್ಲನ್ನು ಜೋಪಾನವಾಗಿಡಿ. ರೇಂಜಿಗೆ ಒಯ್ಯುವಾಗ ಬಂದೂಕು ಮುಚ್ಚಿದ ಪೆಟ್ಟಿಗೆಯಲ್ಲೇ ಇರಲಿ. ಬಿಲ್ಲಿನ ಪ್ರತಿ, ಕ್ಲಬ್ಬಿನ ಕಾರ್ಡ್ ಜೊತೆಗಿರಲಿ. ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯರಿಗೆ ತೋರಿಸಲು ಪೆಟ್ಟಿಗೆ ತೆರೆಯುವುದು ಮಗುವಿಗೆ ತಮಾಷೆಯಾಗಿರಬಹುದು. ದೂರದಿಂದ ನೋಡಿದವರಿಗೆ ಅದು ಏರ್ ರೈಫಲ್ ಎಂದು ಗೊತ್ತಾಗುವುದಿಲ್ಲ, ಬಂದೂಕು ಎಂದಷ್ಟೇ ಕಾಣುತ್ತದೆ.

ಯಾವ ವಯಸ್ಸಿಗೆ ಶುರು ಮಾಡಬಹುದು

ಶೂಟಿಂಗ್ ಕ್ಲಬ್ಬುಗಳ ಹಳೆಯ ಪರಂಪರೆಯಿರುವ ಜರ್ಮನಿಯಲ್ಲಿ ಕಾನೂನು ಸ್ಪಷ್ಟವಾಗಿದೆ. 12 ತುಂಬಿದ ಮಗು, ಹೆತ್ತವರ ಒಪ್ಪಿಗೆಯಿದ್ದರೆ, ಅರ್ಹ ಮೇಲ್ವಿಚಾರಕರ ಎದುರು ರೇಂಜಿನಲ್ಲಿ ಏರ್ ಗನ್ ಹಿಡಿಯಬಹುದು. ಅದಕ್ಕೂ ಚಿಕ್ಕವರಿಗೆ ಅಲ್ಲಿನ ಕ್ಲಬ್ಬುಗಳು ಬೆಳಕಿನ ಬಂದೂಕು ಕೊಡುತ್ತವೆ. ಆಕಾರ, ತೂಕ, ಟ್ರಿಗರ್ ಎಲ್ಲ ನಿಜದಂತೆಯೇ. ಗುಂಡಿನ ಬದಲು ಬೆಳಕಿನ ಕಿರಣ ಹೊರಟು ಎಲೆಕ್ಟ್ರಾನಿಕ್ ಗುರಿಯ ಮೇಲೆ ಅಂಕ ಮೂಡುತ್ತದೆ. ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್ ಸ್ಪರ್ಧೆಯಲ್ಲೂ 2012ರ ಲಂಡನ್ ಕೂಟದಿಂದ ಲೇಸರ್ ಪಿಸ್ತೂಲೇ ಬಳಕೆಯಲ್ಲಿದೆ. ಹತ್ತರೊಳಗಿನ ಮಗುವಿಗೆ ನಿಲುವು, ಉಸಿರು, ಬೆರಳಿನ ಶಿಸ್ತನ್ನೆಲ್ಲ ಲೇಸರಿನಲ್ಲೇ ಕಲಿಸಬಹುದು. ನಿಮ್ಮೂರಿನಲ್ಲಿ ಆ ಸೌಕರ್ಯ ಇಲ್ಲದಿದ್ದರೆ ಒಂದೆರಡು ವರ್ಷ ಕಾಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಈಜು, ಓಟ, ಯೋಗದಿಂದ ಬೆನ್ನು ಗಟ್ಟಿಯಾದರೆ ನಾಳೆ ಬಂದೂಕು ಹಿಡಿಯುವ ದೇಹ ಇಂದೇ ತಯಾರಾದಂತೆ.

ವಯಸ್ಸಿಗಿಂತ ಮುಖ್ಯವಾದದ್ದು ಸಿದ್ಧತೆ. ಇದನ್ನು ಅಳೆಯಲು ಮೂರು ಸಂಗತಿ ಗಮನಿಸಿ. ಆಟದ ಅಮಲಿನಲ್ಲಿದ್ದಾಗಲೂ ‘ನಿಲ್ಲು’ ಎಂದರೆ ಮಗು ತಕ್ಷಣ ನಿಲ್ಲುತ್ತದೆಯೆ? ಒಮ್ಮೆ ಹೇಳಿದ ಕ್ರಮವನ್ನು ಯಾರೂ ನೋಡದಿದ್ದಾಗಲೂ ಪಾಲಿಸುತ್ತದೆಯೆ? ತಪ್ಪಾದಾಗ ಬೈಗುಳಕ್ಕೆ ಹೆದರದೆ ಬಂದು ಹೇಳುತ್ತದೆಯೆ? ಮೂರನೆಯದು ಹೆತ್ತವರನ್ನೂ ಅವಲಂಬಿಸಿದೆ. ತಪ್ಪು ಹೇಳಿಕೊಂಡಾಗ ಹೊಡೆತ ತಿಂದ ಮಗು ಮುಂದಿನ ಸಲ ಮುಚ್ಚಿಡುತ್ತದೆ. ಬಂದೂಕಿನ ವಿಷಯದಲ್ಲಿ ಮುಚ್ಚಿಟ್ಟ ತಪ್ಪಿಗಿಂತ ಅಪಾಯದ್ದು ಇನ್ನೊಂದಿಲ್ಲ.

ರೈಫಲೋ, ಪಿಸ್ತೂಲೋ

ಎರಡೂ 10 ಮೀಟರ್ ದೂರದಿಂದ, ನಿಂತು ಹೊಡೆಯುವ ಆಟ. ದೊಡ್ಡವರ ಅರ್ಹತಾ ಸುತ್ತಿನಲ್ಲಿ 60 ಗುಂಡು. ರೈಫಲ್‌ನಲ್ಲಿ ಎರಡು ಕೈ, ಪಿಸ್ತೂಲಿನಲ್ಲಿ ಒಂದೇ ಕೈ. ರೈಫಲ್ ಗುರಿಯ ನಡುವಿನ ಹತ್ತರ ವಲಯ ಕೇವಲ 0.5 ಮಿ.ಮೀ. ಅಗಲದ ಚುಕ್ಕೆ. ಪಿಸ್ತೂಲಿನ ಹತ್ತರ ವಲಯ 11.5 ಮಿ.ಮೀ. ಚುಕ್ಕೆ ದೊಡ್ಡದಾದ ಮಾತ್ರಕ್ಕೆ ಪಿಸ್ತೂಲು ಸುಲಭ ಎಂದುಕೊಳ್ಳಬೇಡಿ. ಚಾಚಿದ ಒಂಟಿ ಕೈಯ ನಡುಕವನ್ನು ಹತೋಟಿಗೆ ತರಲು ವರ್ಷಗಳೇ ಬೇಕು.

ಮಕ್ಕಳ ಮಟ್ಟಿಗೆ ತೂಕವೇ ನಿರ್ಣಾಯಕ. ಸ್ಪರ್ಧೆಯ ರೈಫಲ್ ಗರಿಷ್ಠ 5.5 ಕಿಲೋ ಇರಬಹುದು. ಸಾಮಾನ್ಯವಾಗಿ 4ರಿಂದ 5 ಕಿಲೋ ತೂಗುತ್ತದೆ. 30 ಕಿಲೋ ತೂಕದ ಮಗುವಿಗೆ 5 ಕಿಲೋ ರೈಫಲ್ ಅಂದರೆ ಮೈತೂಕದ ಆರನೇ ಒಂದು ಭಾಗ. ಅದನ್ನು ಎತ್ತಿ ಹಿಡಿಯಲು ಮಗು ಬೆನ್ನನ್ನು ಹಿಂದಕ್ಕೆ ಬಾಗಿಸುತ್ತದೆ, ಸೊಂಟವನ್ನು ಪಕ್ಕಕ್ಕೆ ತಿರುಚುತ್ತದೆ. ಬೆಳೆಯುವ ಬೆನ್ನುಮೂಳೆಗೆ ಇದು ಒಳ್ಳೆಯದಲ್ಲ. ಚಿಕ್ಕ ಮಕ್ಕಳಿಗೆ ಮೇಜಿನ ಮೇಲೆ ಆನಿಸಿ ಹೊಡೆಯಲು ಕಲಿಸುವುದು ಅದಕ್ಕೇ. ಗಿಡ್ಡ ಹಿಡಿಯ, ಹಗುರವಾದ ಜೂನಿಯರ್ ರೈಫಲ್‌ಗಳೂ ಇವೆ. ಏರ್ ಪಿಸ್ತೂಲು 1 ಕಿಲೋ ಆಸುಪಾಸಿನದು, 1.5 ಕಿಲೋ ಮೀರುವಂತಿಲ್ಲ. ತೂಕ ಕಡಿಮೆ, ಆದರೆ ಅಪಾಯದ ವಿಷಯದಲ್ಲಿ ಪಿಸ್ತೂಲೇ ಹೆಚ್ಚು ಎಚ್ಚರ ಬೇಡುವುದು. ನಳಿಗೆ ಗಿಡ್ಡವಾದ್ದರಿಂದ ಮಣಿಕಟ್ಟು ಸ್ವಲ್ಪ ತಿರುಗಿದರೂ ಬಾಯಿ ಪಕ್ಕದವರ ಕಡೆಗೆ ಹೋಗುತ್ತದೆ. ಎಚ್ಚರ ಇನ್ನೂ ಅಭ್ಯಾಸವಾಗದ ಮಗು ರೈಫಲ್‌ನಿಂದ ಶುರುಮಾಡುವುದು ಮೇಲು.

ಅಳತೆ ನೋಡುವುದು ಹೇಗೆ

ಮೊದಲ ವರ್ಷ ಕ್ಲಬ್ಬಿನ ಬಂದೂಕೇ ಸಾಕು. ಬೆಂಗಳೂರಿನಲ್ಲಿ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್ ಇದೆ. ಹಲವು ಊರುಗಳಲ್ಲಿ ಖಾಸಗಿ ಅಕಾಡೆಮಿಗಳಿವೆ. ರಾಷ್ಟ್ರಮಟ್ಟದಲ್ಲಿ ಈ ಆಟವನ್ನು ನಡೆಸುವುದು 1951ರಲ್ಲಿ ಹುಟ್ಟಿದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಫ್ ಇಂಡಿಯಾ. ಅಕಾಡೆಮಿ ಆರಿಸುವಾಗ ಗೋಡೆಯ ಮೇಲಿನ ಪದಕಗಳ ಫೋಟೊಗಿಂತ ಫೈರಿಂಗ್ ಲೈನಿನ ಶಿಸ್ತನ್ನು ನೋಡಿ. ಕೋಚ್ ಒಮ್ಮೆ ‘ಸ್ಟಾಪ್’ ಎಂದರೆ ಎಲ್ಲ ಮಕ್ಕಳೂ ಬಂದೂಕು ಕೆಳಗಿಡುತ್ತಾರೆಯೆ? ಹೊಡೆಯದೆ ಮೇಜಿನ ಮೇಲಿಟ್ಟ ಬಂದೂಕುಗಳ ನಳಿಗೆಯಲ್ಲಿ ಸೇಫ್ಟಿ ಫ್ಲ್ಯಾಗ್, ಅಂದರೆ ನಳಿಗೆ ಖಾಲಿ ಎಂದು ತೋರಿಸುವ ಬಣ್ಣದ ದಾರ, ಕಾಣುತ್ತದೆಯೆ? ಅರ್ಧ ಗಂಟೆ ಕೂತು ನೋಡಿದರೆ ಉತ್ತರ ಸಿಗುತ್ತದೆ.

ಸ್ವಂತದ್ದು ಕೊಳ್ಳುವ ಹೊತ್ತು ಬಂದಾಗ ಮೊದಲು ನೋಡಬೇಕಾದದ್ದು ಮಗುವಿನ ಬಲವಾದ ಕಣ್ಣು. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಪುಟ್ಟ ಕಿಂಡಿ ಬಿಟ್ಟು, ಅದರಲ್ಲಿ ದೂರದ ವಸ್ತುವೊಂದನ್ನು ಎರಡು ಕಣ್ಣಿಂದಲೂ ನೋಡಲು ಹೇಳಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಾಗ ವಸ್ತು ಕಿಂಡಿಯೊಳಗೇ ಉಳಿಯುತ್ತದೋ ಅದು ಬಲವಾದ ಕಣ್ಣು. ಬಲಗೈ ಮಗುವಿಗೆ ಎಡಗಣ್ಣು ಬಲವಾಗಿದ್ದರೆ ಹಣ ಕೊಡುವ ಮುನ್ನ ಕೋಚ್ ಜೊತೆ ಮಾತಾಡಿ. ಎಡಗೈಗೆ ಮಾಡಿದ ಹಿಡಿ ಬೇರೆಯೇ ಇರುತ್ತದೆ.

ಎರಡನೆಯದು ಹಿಂಬದಿಯ ಉದ್ದ. ರೈಫಲ್‌ನ ಹಿಂಭಾಗವನ್ನು ಮಗುವಿನ ಮೊಣಕೈಯ ಒಳಮಡಿಕೆಗೆ ಆನಿಸಿದಾಗ ತೋರುಬೆರಳಿನ ಮೊದಲ ಗಿಣ್ಣಿನ ಮುಂದಿನ ಮೆತ್ತನೆಯ ಭಾಗ ಸಲೀಸಾಗಿ ಟ್ರಿಗರ್ ಮುಟ್ಟಬೇಕು. ಮುಟ್ಟದಿದ್ದರೆ ಅದು ಉದ್ದವಾಯಿತು. ಮಕ್ಕಳು ಬೆಳೆಯುತ್ತಾರೆ, ಆದ್ದರಿಂದ ಹಿಂಬದಿಯ ಪಟ್ಟಿ, ಕೆನ್ನೆ ಆನಿಸುವ ತುಂಡು ಎರಡನ್ನೂ ಹಿಂದೆಮುಂದೆ, ಮೇಲೆಕೆಳಗೆ ಸರಿಸಲು ಬರುವ ಮಾದರಿಯನ್ನೇ ಆರಿಸಿ. ಪಿಸ್ತೂಲಾದರೆ ಮರದ ಹಿಡಿ ಅಂಗೈಗೆ ಒಪ್ಪಬೇಕು. ಅದು ಬೇರೆಬೇರೆ ಅಳತೆಗಳಲ್ಲಿ ಸಿಗುತ್ತದೆ. ‘ಮುಂದೆ ಬೆಳೀತಾನಲ್ಲ’ ಎಂದು ದೊಡ್ಡ ಅಳತೆಯದನ್ನು ತಂದರೆ ಮಗು ಅಂದಿನ ದಿನ ತಪ್ಪು ಹಿಡಿತ ಕಲಿಯುತ್ತದೆ, ಬೆಳೆದ ಮೇಲೂ ಅದನ್ನು ಬಿಡಿಸಲಾಗುವುದಿಲ್ಲ.

ವಾಲ್ತರ್, ಫೈನ್‌ವೆರ್ಕ್‌ಬೌ, ಸ್ಟೈಯರ್, ಆನ್‌ಶುಟ್ಸ್, ಪಿಸ್ತೂಲಿನಲ್ಲಿ ಪಾರ್ಡಿನಿ, ಮೊರಿನಿ ಇವು ಸ್ಪರ್ಧಾಳುಗಳ ಬಾಯಲ್ಲಿ ಸದಾ ಕೇಳಿಬರುವ ಹೆಸರುಗಳು. ಹೊಸ ಸ್ಪರ್ಧಾ ರೈಫಲ್‌ನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಆದ್ದರಿಂದ ಹೆಚ್ಚಿನವರು ಮೊದಲು ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಗಾಳಿಯ ಸಿಲಿಂಡರಿನ ಮೇಲೆ ಕೆತ್ತಿದ ತಾರೀಖನ್ನು ಓದದೆ ದುಡ್ಡು ಕೊಡಬೇಡಿ. ಇಂಥ ಸಿಲಿಂಡರುಗಳ ಆಯಸ್ಸನ್ನು ತಯಾರಕರು ಸಾಮಾನ್ಯವಾಗಿ 10 ವರ್ಷ ಎಂದು ನಿಗದಿ ಮಾಡಿರುತ್ತಾರೆ. ಅವಧಿ ಮುಗಿದದ್ದನ್ನು ಸ್ಪರ್ಧೆಗೆ ತರುವಂತಿಲ್ಲ, 200 ಬಾರ್ ಒತ್ತಡ ಹಿಡಿದ ಹಳೆಯ ಲೋಹವನ್ನು ಮಗುವಿನ ಮುಖದ ಹತ್ತಿರ ಇಡುವುದೂ ಸಲ್ಲದು. ಸಿಲಿಂಡರಿಗೆ ತುಂಬಬೇಕಾದದ್ದು ಶುದ್ಧವಾದ, ಒಣ ಗಾಳಿ ಮಾತ್ರ. ಆಕ್ಸಿಜನ್ ತುಂಬಿದರೆ ಸ್ಫೋಟವಾಗಬಹುದು. ಈ ಕೆಲಸ ಯಾವತ್ತೂ ದೊಡ್ಡವರದೇ.

ಗಟ್ಟಿ ಕ್ಯಾನ್ವಾಸಿನ ಶೂಟಿಂಗ್ ಜಾಕೆಟ್, ಪ್ಯಾಂಟು, ಬೂಟುಗಳಿಗೆ ಮೊದಲ ವರ್ಷ ಖರ್ಚು ಮಾಡುವುದು ಬೇಡ. ಮಗು ವರ್ಷದೊಳಗೆ ಅವನ್ನು ಮೀರಿ ಬೆಳೆಯುತ್ತದೆ. ಉಳಿಸಿದ ಹಣದಲ್ಲಿ ಕಣ್ಣಿಗೆ ಒಳ್ಳೆಯ ರಕ್ಷಣಾ ಕನ್ನಡಕ, ಬಂದೂಕಿಗೆ ಬೀಗವಿರುವ ಗಟ್ಟಿ ಪೆಟ್ಟಿಗೆ ತನ್ನಿ.

ಐದು ಅಭ್ಯಾಸಗಳು

ಸುರಕ್ಷತೆಯ ಪಾಠಕ್ಕೆ ಗುಂಡು ಬೇಕಿಲ್ಲ. ಖಾಲಿ ಬಂದೂಕಿನಲ್ಲಿ, ಗುರಿಯ ಹಾಳೆಯೇ ಇಲ್ಲದೆ ಕೆಲವು ವಾರ ಕಲಿಸಬೇಕು.

ಮೊದಲನೆಯದು: ಪ್ರತಿ ಬಂದೂಕೂ ತುಂಬಿದೆ ಎಂದೇ ತಿಳಿಯಬೇಕು. ಅಪ್ಪ ಈಗಷ್ಟೇ ಖಾಲಿ ಮಾಡಿ ಕೊಟ್ಟಿದ್ದರೂ ಮಗು ತಾನೇ ತೆರೆದು ನೋಡಬೇಕು. ‘ನನ್ನ ಮೇಲೆ ನಂಬಿಕೆ ಇಲ್ಲವಾ’ ಎಂದು ಯಾರೂ ಬೇಸರ ಮಾಡಿಕೊಳ್ಳಬಾರದು. ಮಗು ಹಾಗೆ ನೋಡಿದಾಗ ‘ಸರಿಯಾಗಿ ಮಾಡಿದೆ’ ಅನ್ನಿ.

ಎರಡನೆಯದು: ನಳಿಗೆಯ ಬಾಯಿ ಸದಾ ಗುರಿಯ ದಿಕ್ಕಿಗೆ. ಮಾತಾಡಲು ತಿರುಗಬೇಕಾದರೆ ಮೊದಲು ಬಂದೂಕನ್ನು ಮೇಜಿನ ಮೇಲಿಡಬೇಕು, ಆಮೇಲೆ ತಿರುಗಬೇಕು. ಜಾತ್ರೆಯಲ್ಲಿ ತಪ್ಪುವುದೇ ಇದು.

ಮೂರನೆಯದು: ಗುರಿ ಕಣ್ಣಿನೆದುರು ನಿಲ್ಲುವವರೆಗೂ ಬೆರಳು ಟ್ರಿಗರಿನಿಂದ ಹೊರಗೆ, ನೇರವಾಗಿ ಚಾಚಿಕೊಂಡು. ಮಕ್ಕಳ ಬೆರಳು ತಾನಾಗಿಯೇ ಟ್ರಿಗರಿಗೆ ಹೋಗುತ್ತದೆ, ಅದು ಕೈಯ ಸ್ವಭಾವ. ನೂರಾರು ಸಲ ಸರಿಪಡಿಸಿದ ಮೇಲೆ ಹೊಸ ಅಭ್ಯಾಸ ನಿಲ್ಲುತ್ತದೆ. ಸಿಟ್ಟು ಬೇಡ, ‘ಬೆರಳು’ ಎಂಬ ಒಂದೇ ಮಾತು ಸಾಕು. ಆಟಿಕೆ ಪಿಸ್ತೂಲಿಗೂ ಇದೇ ನಿಯಮ ಇರಲಿ. ದೀಪಾವಳಿಯಲ್ಲಿ ಕೇಪು ಸಿಡಿಸುವ ಪಿಸ್ತೂಲನ್ನು ತಂಗಿಯ ಮುಖಕ್ಕೆ ಹಿಡಿಯಬಹುದು, ಏರ್ ಪಿಸ್ತೂಲನ್ನು ಹಿಡಿಯಬಾರದು ಎಂದರೆ ಮಗುವಿನ ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ.

ನಾಲ್ಕನೆಯದು: ಗುರಿಯ ಹಿಂದೆ ಏನಿದೆ ಎಂಬ ಅರಿವು. ಗುಂಡು ಹಾಳೆಯಲ್ಲಿ ನಿಲ್ಲುವುದಿಲ್ಲ, ಅದರ ಹಿಂದಿನ ತಡೆಯಲ್ಲಿ ನಿಲ್ಲುತ್ತದೆ. ತಡೆ ಇಲ್ಲದ ಕಡೆ ಹೊಡೆಯುವಂತಿಲ್ಲ.

ಐದನೆಯದು: ಆಜ್ಞೆಗೆ ತಕ್ಷಣ ವಿಧೇಯತೆ. ರೇಂಜಿನಲ್ಲಿ ನಾಲ್ಕು ಆಜ್ಞೆಗಳು: ‘ಲೋಡ್’, ‘ಸ್ಟಾರ್ಟ್’, ‘ಸ್ಟಾಪ್’, ‘ಅನ್‌ಲೋಡ್’. ‘ಲೋಡ್’ ಎನ್ನುವವರೆಗೆ ಪೆಲೆಟ್ ಮುಟ್ಟುವಂತಿಲ್ಲ. ‘ಸ್ಟಾಪ್’ ಎಂದರೆ ಹತ್ತು ಅಂಕದ ಗುಂಡು ಹೊರಡುವ ಕ್ಷಣವೇ ಆಗಿದ್ದರೂ ಬಂದೂಕು ಕೆಳಗೆ. ‘ಸ್ಟಾಪ್’ ಎಂದು ಕೂಗುವ ಹಕ್ಕು ಕೋಚಿಗಷ್ಟೇ ಅಲ್ಲ, ಅಪಾಯ ಕಂಡ ಅತಿ ಚಿಕ್ಕ ಮಗುವಿಗೂ ಇದೆ ಎಂದು ಕಲಿಸಿ. ಯಾರೂ ಗುರಿಯ ಕಡೆ ಹೆಜ್ಜೆ ಇಡುವ ಮುನ್ನ ಎಲ್ಲ ಬಂದೂಕುಗಳೂ ಖಾಲಿಯಾಗಿ, ತೆರೆದ ಸ್ಥಿತಿಯಲ್ಲಿ ಮೇಜಿನ ಮೇಲಿರಬೇಕು, ಸೇಫ್ಟಿ ಫ್ಲ್ಯಾಗ್ ಹಾಕಿರಬೇಕು. ಈ ಫ್ಲ್ಯಾಗ್ ಎಂಬುದು ಎದ್ದುಕಾಣುವ ಬಣ್ಣದ ಒಂದು ದಾರ. ಏರ್ ಗನ್‌ನಲ್ಲಿ ಅದನ್ನು ನಳಿಗೆಯ ಉದ್ದಕ್ಕೂ ತೂರಿಸುತ್ತಾರೆ. ನಳಿಗೆಯೊಳಗೆ ಪೆಲೆಟ್ ಇಲ್ಲ ಎಂಬುದಕ್ಕೆ ದೂರದಿಂದಲೇ ಕಾಣುವ ಸಾಕ್ಷಿ ಅದು.

ಜೊತೆಗೆ ಸೀಸದ ಮಾತು. ಪೆಲೆಟ್ ಸೀಸದ್ದು, ಸೀಸ ಮಕ್ಕಳ ಮಿದುಳಿಗೆ ವಿಷ. ಪೆಲೆಟ್ಟುಗಳನ್ನು ಬಾಯಲ್ಲಿಟ್ಟುಕೊಂಡು ಒಂದೊಂದೇ ತೆಗೆಯುವ ಚಟ ಕೆಲವು ಮಕ್ಕಳಿಗಿರುತ್ತದೆ. ಮೊದಲ ದಿನವೇ ತಡೆಯಿರಿ. ಫೈರಿಂಗ್ ಲೈನಿನಲ್ಲಿ ತಿಂಡಿ ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಬಿಸ್ಕತ್ತು ಮುಟ್ಟುವುದೂ ಬೇಡ.

ಹೇಳಿಕೊಟ್ಟರಷ್ಟೇ ಸಾಲದು, ಬೀಗ ಬೇಕು

ಅಮೆರಿಕದ ಅಟ್ಲಾಂಟಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಪ್ರತಿ ತಾಯಿತಂದೆಯೂ ತಿಳಿದಿರಬೇಕು. 8ರಿಂದ 12 ವರ್ಷದ ಹುಡುಗರನ್ನು ಎರಡು-ಮೂರು ಮಂದಿಯ ಗುಂಪು ಮಾಡಿ ಒಂದು ಕೋಣೆಯಲ್ಲಿ ಬಿಟ್ಟರು. ಡ್ರಾಯರಿನಲ್ಲಿ, ಗುಂಡು ಹಾರದಂತೆ ಮಾಡಿದ್ದ ನಿಜವಾದ ಪಿಸ್ತೂಲು ಇತ್ತು. ಹೆಚ್ಚಿನ ಗುಂಪುಗಳು ಅದನ್ನು ಕಂಡುಹಿಡಿದವು, ಹಲವರು ಕೈಗೆತ್ತಿಕೊಂಡರು, ಕೆಲವರು ಟ್ರಿಗರನ್ನೂ ಎಳೆದರು. ಹಾಗೆ ಕೈಗೆತ್ತಿಕೊಂಡವರಲ್ಲಿ ಬಹುತೇಕ ಎಲ್ಲರಿಗೂ ಅದಕ್ಕೂ ಮುಂಚೆ ಬಂದೂಕಿನ ಸುರಕ್ಷತೆಯ ಬಗ್ಗೆ ಯಾರಾದರೂ ಪಾಠ ಹೇಳಿದ್ದರು.

2013ರ ಏಪ್ರಿಲ್‌ನಲ್ಲಿ ಅದೇ ದೇಶದ ಕೆಂಟಕಿ ರಾಜ್ಯದಲ್ಲಿ ಐದು ವರ್ಷದ ಹುಡುಗನೊಬ್ಬ ತನ್ನ ಎರಡು ವರ್ಷದ ತಂಗಿಗೆ ಗುಂಡು ಹಾರಿಸಿದ. ಮಗು ಉಳಿಯಲಿಲ್ಲ. ಅದು ಮಕ್ಕಳಿಗೆಂದೇ ಮಾಡಿದ, ಅವನಿಗೆ ಉಡುಗೊರೆಯಾಗಿ ಬಂದಿದ್ದ 0.22 ರೈಫಲ್. ಮನೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ಒಳಗೊಂದು ಗುಂಡು ಉಳಿದಿದೆ ಎಂದು ಮನೆಯವರಿಗೆ ತಿಳಿದಿರಲಿಲ್ಲ. ಬಂದೂಕು ಮಗುವಿನ ಅಳತೆಯದೇ ಆಗಿತ್ತು. ಇಲ್ಲದ್ದು ಬೀಗ.

ಮಕ್ಕಳ ಕುತೂಹಲ ತಪ್ಪಲ್ಲ, ಅದು ಅವರ ಬೆಳವಣಿಗೆಯ ಭಾಗ. ಆ ಕುತೂಹಲವನ್ನು ಗೆಲ್ಲುವ ಹೊಣೆಯನ್ನು ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಆದ್ದರಿಂದ ಮನೆಯಲ್ಲಿ ಬಂದೂಕು ಖಾಲಿಯಾಗಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಪೆಲೆಟ್ಟಿನ ಡಬ್ಬಿ ಬೇರೆ ಕಡೆ, ಅದಕ್ಕೂ ಬೀಗ. ಕೀಲಿ ದೊಡ್ಡವರೊಬ್ಬರ ಬಳಿ. ದೇವರ ಕೋಣೆಯ ಮೊಳೆಗೋ ಬೀರುವಿನ ಮೇಲೋ ಇಟ್ಟ ಕೀಲಿ ಮಕ್ಕಳಿಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೇ ಪದಕ ಗೆದ್ದ ಮಗುವಾದರೂ 18ರವರೆಗೆ ಈ ನಿಯಮ ಸಡಿಲ ಮಾಡಬೇಡಿ. ಹರೆಯದ ಮಕ್ಕಳ ಮನಸ್ಸು ಒಂದು ಸಂಜೆಯಲ್ಲಿ ಕುಸಿದುಹೋಗಬಹುದು; ಅಂಥ ಗಳಿಗೆಯನ್ನು ದಾಟಿಸಲು ಬೀಗವೂ ನೆರವಾಗುತ್ತದೆ.

ಮಲೆನಾಡು, ಕೊಡಗಿನ ಮನೆಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ ಅಲ್ಲಿನ ತೋಟದ ಮನೆಗಳಲ್ಲಿ ಹೊಸದಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು, ಹೂವಿಟ್ಟು ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಹಬ್ಬದಲ್ಲಿ ಕೋವಿಗೆ ಸಿಗುವ ಆ ಗೌರವ ಉಳಿದ ದಿನಗಳಲ್ಲೂ ಸಿಗಬೇಕು: ತೋಟೆ ಬೇರೆ, ಕೋವಿ ಬೇರೆ, ಎರಡಕ್ಕೂ ಬೀಗ. ರಜೆಗೆ ಮಕ್ಕಳನ್ನು ಅಜ್ಜನ ಮನೆಗೆ ಕಳಿಸುವ ಮುನ್ನ ‘ಮಾವ, ಕೋವಿ ಎಲ್ಲಿಟ್ಟಿದ್ದೀರಿ?’ ಎಂದು ಸಂಕೋಚವಿಲ್ಲದೆ ಕೇಳಿ. ಶೂಟಿಂಗ್ ಕಲಿಯದ ಮಕ್ಕಳಿಗೂ ಒಂದು ಮಾತು ಬಾಯಿಪಾಠವಾಗಿರಲಿ: ಎಲ್ಲೇ ಬಂದೂಕು ಕಂಡರೂ ಮುಟ್ಟಬೇಡ, ಅಲ್ಲಿಂದ ಹೊರಡು, ದೊಡ್ಡವರಿಗೆ ಹೇಳು. ‘ನಿನ್ನ ಗನ್ ತೋರಿಸೋ’ ಎಂದು ಗೆಳೆಯರು ದುಂಬಾಲು ಬಿದ್ದಾಗ ‘ಕೀಲಿ ಅಮ್ಮನ ಹತ್ತಿರ ಇದೆ, ರೇಂಜಿಗೆ ಬಾ, ಅಲ್ಲಿ ನೋಡು’ ಎನ್ನಲು ಕಲಿಸಿ. ಮನೆಯಲ್ಲೇ ನೀವು ಗೆಳೆಯನಾಗಿ ನಟಿಸಿ ನಾಲ್ಕು ಸಲ ಅಭ್ಯಾಸ ಮಾಡಿಸಿದರೆ ಮಗುವಿಗೆ ಆ ಉತ್ತರ ಸಲೀಸಾಗುತ್ತದೆ.

ಹಿತ್ತಲು ರೇಂಜ್ ಅಲ್ಲ, ಹಕ್ಕಿ ಗುರಿಯಲ್ಲ

ಮನೆಯ ಹಿಂದೆ ಹತ್ತು ಮೀಟರ್ ಜಾಗ ಇದ್ದ ಮಾತ್ರಕ್ಕೆ ರೇಂಜ್ ಆಗುವುದಿಲ್ಲ. ಗುರಿ ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗಬಲ್ಲದು. ಕಲ್ಲು, ಗಾಜು, ಕಬ್ಬಿಣದ ಗೇಟಿಗೆ ಬಡಿದರೆ ಹೊಡೆದವರ ಕಡೆಗೇ ಸಿಡಿದು ಬರುತ್ತದೆ. ಮನೆಯಲ್ಲಿ ಅಭ್ಯಾಸ ಬೇಕೇ ಬೇಕು ಎಂದರೆ ಬಾಗಿಲಿಲ್ಲದ ಗಟ್ಟಿ ಗೋಡೆ, ಅದರ ಮುಂದೆ ಪೆಲೆಟ್ ಹಿಡಿಯುವ ಲೋಹದ ಪೆಟ್ಟಿಗೆ, ಎಲ್ಲರಿಗೂ ಕನ್ನಡಕ, ಮುಗಿಯುವವರೆಗೂ ದೊಡ್ಡವರೊಬ್ಬರು ಜೊತೆಗೆ ಇವಿಷ್ಟೂ ಇರಬೇಕು. ಇಲ್ಲದಿದ್ದರೆ ಗುಂಡಿಲ್ಲದೆ ಡ್ರೈ ಫೈರಿಂಗ್ ಮಾಡಿಸಿ. ಹೆಚ್ಚಿನ ಸ್ಪರ್ಧಾ ಬಂದೂಕುಗಳಲ್ಲಿ ಅದಕ್ಕೆಂದೇ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್ ಗನ್ನನ್ನು ಮಾತ್ರ ಗುಂಡಿಲ್ಲದೆ ಹಾರಿಸಬಾರದು, ಒಳಗಿನ ಪಿಸ್ಟನ್ ಹಾಳಾಗುತ್ತದೆ.

ಏರ್ ಗನ್ ಸಿಕ್ಕ ಮಕ್ಕಳ ಕಣ್ಣು ಮೊದಲು ಹೋಗುವುದು ಪಾರಿವಾಳ, ಗಿಳಿ, ಅಳಿಲುಗಳ ಕಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಕ್ಷಿತ ಪ್ರಾಣಿಪಕ್ಷಿಗಳನ್ನು ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ಅದಕ್ಕೆ ಯತ್ನಿಸುವುದು ಕೂಡ ಬೇಟೆಯೇ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಶುರುವಾದ ಏರ್‌ಗನ್ ಸರೆಂಡರ್ ಅಭಿಯಾನದಲ್ಲಿ ಜನ ತಾವಾಗಿ ಮುಂದೆ ಬಂದು ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಸರ್ಕಾರಕ್ಕೆ ಒಪ್ಪಿಸಿದರು. ಕಾಡಿನಲ್ಲಿ ಹಕ್ಕಿಗಳು ಕಡಿಮೆಯಾಗುತ್ತಿವೆ ಎಂಬ ಆತಂಕವೇ ಅದಕ್ಕೆ ಕಾರಣ. ಜೀವವಿರುವ ಯಾವುದರ ಕಡೆಗೂ ನಳಿಗೆ ತಿರುಗಬಾರದು ಎಂಬುದು ಕಾನೂನಿನ ಮಾತು ಮಾತ್ರವಲ್ಲ, ಮಗು ಕಲಿಯಬೇಕಾದ ಕರುಣೆಯ ಮೊದಲ ಪಾಠವೂ ಹೌದು.

ಮೊದಲ ವರ್ಷದ ದಾರಿ

ಮೊದಲ ತಿಂಗಳು ಗುಂಡಿಲ್ಲದೆ ನಿಲುವು, ಹಿಡಿತ, ಆಜ್ಞೆಗಳು. ಎರಡು-ಮೂರನೆಯ ತಿಂಗಳು ಮೇಜಿಗೆ ಆನಿಸಿ, ಬಿಳಿ ಹಾಳೆಗೆ ಹೊಡೆಯುವುದು. ಹಾಳೆಯ ಮೇಲೆ ವೃತ್ತವಾಗಲೀ ಅಂಕವಾಗಲೀ ಬೇಡ, ಗುಂಡುಗಳೆಲ್ಲ ಒತ್ತೊತ್ತಾಗಿ ಬಿದ್ದರೆ ಸಾಕು. ಆಮೇಲೆ ನಿಂತು ಹೊಡೆಯುವ ಅಭ್ಯಾಸ, ಒಮ್ಮೆಗೆ 20-30 ಗುಂಡು, ನಡುನಡುವೆ ವಿಶ್ರಾಂತಿ. ವಾರಕ್ಕೆ ಎರಡು-ಮೂರು ದಿನ ಸಾಕು. ಅಭ್ಯಾಸದ ಮೊದಲೂ ಕೊನೆಯಲ್ಲೂ ಬೆನ್ನು, ಹೆಗಲಿಗೆ ವ್ಯಾಯಾಮ ಇರಲಿ. ಮಗುವಿಗೆ ಬೆನ್ನು ನೋವು ಬಂದರೆ ಬಂದೂಕು ಭಾರವಾಯಿತು ಎಂದೇ ತಿಳಿಯಿರಿ. ವರ್ಷದ ಕೊನೆಗೂ ಆಸಕ್ತಿ ಉಳಿದಿದ್ದರೆ, ಐದು ಅಭ್ಯಾಸಗಳು ಹೇಳಿಸಿಕೊಳ್ಳದೆ ನಡೆಯುತ್ತಿದ್ದರೆ, ಆಗ ಸ್ವಂತ ಬಂದೂಕಿನ ಯೋಚನೆ. ಶಾಲಾ ಕ್ರೀಡಾಕೂಟ, ರಾಜ್ಯಮಟ್ಟದ ಕೂಟಗಳಲ್ಲಿ ವಯಸ್ಸಿಗೆ ತಕ್ಕ ವಿಭಾಗಗಳಿವೆ, ಅವಸರ ಬೇಡ.

ರೇಂಜಿನಿಂದ ಹೊರಬಂದ ಮಗುವಿಗೆ ಹೆತ್ತವರು ಸಾಮಾನ್ಯವಾಗಿ ಕೇಳುವುದು ‘ಎಷ್ಟು ಸ್ಕೋರ್?’ ಅದರ ಬದಲು ‘ಇವತ್ತು ಒಮ್ಮೆಯೂ ನೆನಪಿಸದೆ ಫ್ಲ್ಯಾಗ್ ಹಾಕಿದೆಯಾ?’ ಎಂದು ಕೇಳಿ ನೋಡಿ. ಮಕ್ಕಳು ನಾವು ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೋ ಅದನ್ನೇ ದೊಡ್ಡದೆಂದು ತಿಳಿಯುತ್ತಾರೆ. ಪದಕ ಕೆಲವೇ ಮಕ್ಕಳಿಗೆ ಸಿಗುತ್ತದೆ. ತನ್ನ ಕೈಯಲ್ಲಿರುವುದು ಇನ್ನೊಬ್ಬರಿಗೆ ನೋವು ಮಾಡಬಲ್ಲದು ಎಂಬ ಎಚ್ಚರ ಮಾತ್ರ ಈ ಆಟ ಕಲಿತ ಪ್ರತಿ ಮಗುವಿಗೂ ಸಿಗಬೇಕು. ಅದನ್ನು ಕೊಡುವ ಮನಸ್ಸು, ಸಮಯ, ಬೀಗದ ಶಿಸ್ತು ನಮ್ಮಲ್ಲಿದೆ ಎಂದು ಖಚಿತವಾದ ದಿನ ಮಗುವಿಗೆ ಬಂದೂಕು ಕೊಡಿಸೋಣ.